ಮರುಳಪ್ಪನವರ ಎಡಗೈ

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಇದು ಒಂದು ಮನೆಯ ಪೂಜೆಯ ಹೊತ್ತಿನ ಸಂಗತಿ. ಹೊರಗಿನವರು ಅದನ್ನು ಬಾಯಿಬಿಟ್ಟು ಹೇಳುವುದು ತಪ್ಪು ಎಂದು ಯಾರಾದರೂ ಅಂದರೆ ಎದುರಾಡುವ ಧೈರ್ಯವಿಲ್ಲ. ಪೂಜೆಯ ಕ್ರಮದಲ್ಲಿ ಒಂದು ಮಾತು ಹಿಂದುಮುಂದಾಗಿದ್ದರೆ, ಕಾಯಿಲೆಯ ವಿಚಾರದಲ್ಲಿ ಒಂದು ಮಾತು ಹೆಚ್ಚುಕಮ್ಮಿಯಾಗಿದ್ದರೆ, ತಿಳಿದವರು ತಿದ್ದಿಕೊಂಡು ಓದಬೇಕು. ಹೇಳದೆ ಸುಮ್ಮನಿದ್ದುಬಿಡೋಣ ಎಂದು ಬಹಳ ಸಲ ಅನ್ನಿಸಿದ್ದೂ ಉಂಟು. ಆದರೆ ಜಾವಗಲ್ಲಿನಲ್ಲಿ ನಯನಾ ಎಂಬ ನರ್ಸ್ ಹುಡುಗಿಯ ಬಗ್ಗೆ ಒಬ್ಬೊಬ್ಬರು ಒಂದೊಂದು ಆಡಿಕೊಳ್ಳುತ್ತಿರುವಾಗ, ನಡೆದದ್ದನ್ನು ನಡೆದ ಹಾಗೆ ಒಮ್ಮೆಯಾದರೂ ಹೇಳಬೇಕು.

ನಯನಾ ಹಗರೆಯವಳು. ಅಪ್ಪ ರಾಗಿ ಬೆಳೆಯುತ್ತಿದ್ದರು, ಅಮ್ಮ ಡೈರಿಗೆ ಹಾಲು ಹಾಕುತ್ತಿದ್ದರು. ನರ್ಸಿಂಗ್ ಓದಿ ಆಸ್ಪತ್ರೆಯೊಂದಕ್ಕೆ ಸೇರಿದವಳನ್ನು ಅಲ್ಲಿಯವರು ವಾರ್ಡಿನಲ್ಲಿ ಇಟ್ಟುಕೊಳ್ಳದೆ, ಲಕ್ವ ಹೊಡೆದು ಮನೆಗೆ ಹೋದವರ ಆರೈಕೆಗೆ ಹಾಕಿದರು. ಬೇಲೂರು, ಹಳೇಬೀಡು, ಜಾವಗಲ್, ಅರಸೀಕೆರೆ ಕಡೆಯ ಮನೆಗಳು ಅವಳ ಪಾಲಿಗೆ ಬಂದವು. ಬಸ್ಸಿನಲ್ಲೇ ಓಡಾಟ. ಆಸ್ಪತ್ರೆಯವರು ಜೀವ ಉಳಿಸಿ ಕಳಿಸಿರುತ್ತಾರೆ. ಉಳಿದ ಆ ಜೀವವನ್ನು ಹೇಗೆ ನೋಡಿಕೊಳ್ಳಬೇಕೆಂದು ಮನೆಯವರಿಗೆ ಗೊತ್ತಿರುವುದಿಲ್ಲ. ಮಗ್ಗುಲು ಬದಲಿಸಬೇಕು, ಬೆನ್ನು ಹುಣ್ಣಾಗದ ಹಾಗೆ ನೋಡಬೇಕು, ಎದ್ದು ಕೂರಿಸಿಯೇ ಉಣಿಸಬೇಕು, ಸೆಟೆದುಕೊಳ್ಳುವ ಬೆರಳುಗಳನ್ನು ದಿನಾ ಬಿಡಿಸಬೇಕು. ಇದನ್ನೆಲ್ಲ ತಾನು ಮಾಡಿ ತೋರಿಸಿ, ಅವರ ಕೈಯಲ್ಲಿ ಮಾಡಿಸಿ, ಸರಿಯಾಗಿದೆಯೋ ಎಂದು ಮುಂದಿನ ವಾರ ಮತ್ತೆ ನೋಡಬೇಕು. ಅದು ಅವಳ ಕೆಲಸ.

ಕೆಲಸದಲ್ಲಿ ಕೊರತೆ ಇರಲಿಲ್ಲ, ತನ್ನ ಮೇಲೆ ತನಗೆ ನಂಬಿಕೆಯ ಕೊರತೆ ಇತ್ತು. ಒಂದು ಮನೆಯಿಂದ ಹೊರಟು ಬಸ್ ಸ್ಟಾಪಿಗೆ ಬಂದರೆ ಸಾಕು, ಮಲಗಿಸಿಕೊಂಡು ನೀರು ಕುಡಿಸಬೇಡಿ ಎಂದು ಹೇಳಿದೆನೋ ಇಲ್ಲವೋ ಎಂಬ ಅನುಮಾನ ಶುರುವಾಗುತ್ತಿತ್ತು. ಫೋನ್ ಮಾಡಿ ಕೇಳುತ್ತಿದ್ದಳು. ಹೇಳಿದ್ದೀರಿ ಸಿಸ್ಟರ್, ಎರಡೆರಡು ಸಲ ಹೇಳಿದ್ದೀರಿ, ನಮ್ಮಪ್ಪನಿಗಿಂತ ನಿಮಗೇ ಮರೆವು ಜಾಸ್ತಿ ಎಂದು ಆ ಕಡೆಯಿಂದ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಅನುಮಾನ ಮಾತ್ರ ಮುಂದಿನ ಊರಿನವರೆಗೂ ಜೊತೆಗೇ ಬರುತ್ತಿತ್ತು.

ಜಾವಗಲ್ಲಿನ ಮರುಳಪ್ಪನವರು ಕೊಬ್ಬರಿ ವ್ಯಾಪಾರಸ್ಥರು. ಅಟ್ಟದ ಮೇಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದ ಮನುಷ್ಯ. ಅರಸೀಕೆರೆ ಮಾರುಕಟ್ಟೆಯಲ್ಲಿ ಕೊಬ್ಬರಿ ರಾಶಿಯ ಮುಂದೆ ನಿಂತು ಮಾತಾಡುತ್ತಿದ್ದಾಗ ಹಾಗೇ ಎಡಕ್ಕೆ ವಾಲಿದರು. ಕಾಲು ಜಾರಿತು ಅಂದುಕೊಂಡು ಜೊತೆಯವರು ನಕ್ಕರಂತೆ. ನಕ್ಕವರೇ ಆಮೇಲೆ ಕಾರಿಗೆ ಹಾಕಿಕೊಂಡು ಓಡಿದ್ದು. ಆಸ್ಪತ್ರೆಯಲ್ಲಿ ಮೂಗಿನೊಳಗೆ ನಳಿಗೆ ಇಟ್ಟು ಬಹಳ ದಿನ ಅನ್ನ ಹಾಕಿದರು. ಅದನ್ನು ಅವರು ಕಿತ್ತುಕೊಳ್ಳುತ್ತಾರೆಂದು ಆಡುತ್ತಿದ್ದ ಒಂದು ಕೈಯನ್ನೂ ಬ್ಯಾಂಡೇಜ್ ಬಟ್ಟೆಯಲ್ಲಿ ಮಂಚಕ್ಕೆ ಕಟ್ಟಿದ್ದರು. ಮನೆಗೆ ಕಳಿಸುವ ಹೊತ್ತಿಗೆ ನಳಿಗೆ ತೆಗೆದಿದ್ದರು, ಮೆತ್ತಗೆ ಮಾಡಿದ್ದನ್ನು ನುಂಗುತ್ತಿದ್ದರು, ತೊದಲಿದರೂ ಮಾತು ತಿಳಿಯುತ್ತಿತ್ತು. ಎಡಗೈ, ಎಡಗಾಲು ಇರಲಿಲ್ಲ ಎಂದೇ ಹೇಳಬೇಕು.

ನಯನಾ ಮೊದಲ ಸಲ ಹೋದಾಗ ಮನೆಯಲ್ಲಿ ಊಟದ ರಗಳೆ ನಡೆದಿತ್ತು. ಮರುಳಪ್ಪನವರ ಹೆಂಡತಿ ಸುವರ್ಣಮ್ಮ ಬಾಗಿಲಲ್ಲೇ ದೂರು ಹೇಳಿದರು. ತಟ್ಟೆಯಲ್ಲಿ ಬಲಗಡೆ ಇದ್ದದ್ದನ್ನು ಮಾತ್ರ ತಿನ್ನುತ್ತಾರೆ, ಎಡಗಡೆ ಬಡಿಸಿದ ಪಲ್ಯವನ್ನು ಮುಟ್ಟುವುದೇ ಇಲ್ಲ, ತಾನು ಮಾಡಿದ್ದೆಂದು ಮಾವ ಬೇಕಂತಲೇ ಬಿಡುತ್ತಾರೆ ಎಂದು ಸೊಸೆ ಅಡುಗೆಮನೆಯಲ್ಲಿ ಅಳುತ್ತಾ ಕೂತಿದ್ದಾಳೆ. ನಯನಾ ಒಳಗೆ ಹೋಗಿ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿಟ್ಟಳು. ಎಡಕ್ಕಿದ್ದ ಪಲ್ಯ ಬಲಕ್ಕೆ ಬಂತು.

"ಇನ್ನೂ ಇತ್ತಾ? ಮೊದ್ಲೇ ಹೇಳ್ಬಾರ್ದಾ," ಎಂದು ಮರುಳಪ್ಪನವರು ತಿನ್ನತೊಡಗಿದರು.

ಮೆದುಳಿನ ಬಲಗಡೆಗೆ ಲಕ್ವದ ಪೆಟ್ಟು ಬಿದ್ದವರಲ್ಲಿ ಕೆಲವರಿಗೆ ಹೀಗಾಗುತ್ತದೆ, ಕಣ್ಣಿಗೆ ಕಂಡರೂ ಎಡಗಡೆ ಅನ್ನುವುದು ಮನಸ್ಸಿಗೆ ಬರುವುದಿಲ್ಲ ಎಂದು ನಯನಾ ತಿಳಿಸಿ ಹೇಳಿದಳು. ಮಗ ಚನ್ನೇಶನಿಗೆ ಅರ್ಥವಾಯಿತು. ಅಡುಗೆಮನೆಯ ಅಳುವೂ ನಿಂತಿತು. ಆಮೇಲೆ ಅವಳು ಮರುಳಪ್ಪನವರ ಎಡಗೈಯನ್ನು ಮೆಲ್ಲಗೆ ಎತ್ತಿ, ಅವರ ಕಣ್ಣೆದುರಿಗೆ ತಂದು, ಇದು ಯಾವ ಕೈ ಅಪ್ಪಾಜಿ ಎಂದು ಕೇಳಿದಳು.

ಅವರು ಅದನ್ನು ಬಹಳ ಹೊತ್ತು ನೋಡಿದರು.

"ಯಾರ್ದೋ."

"ನಿಮ್ದೇ ಅಪ್ಪಾಜಿ. ನೋಡಿ, ನಿಮ್ಮ ಭುಜದಿಂದಲೇ ಬಂದದೆ."

"ನಂದಾಗಿದ್ರೆ ನಾ ಹೇಳ್ದಂಗೆ ಕೇಳ್ತಿತ್ತು. ಮಾರ್ಕೆಟ್‌ನಲ್ಲಿ ಯಾವನೋ ಬಿಟ್ಟೋಗವ್ನೆ. ಹುಡ್ಕೊಂಡು ಬಂದ್ರೆ ಕೊಟ್ ಕಳ್ಸಿ."

ಚನ್ನೇಶ್ ಕಿಸಕ್ಕನೆ ನಕ್ಕ. ನಕ್ಕವನು ಎದ್ದು ಹಿತ್ತಲಿಗೆ ಹೋಗಿ ನೀರಿನ ತೊಟ್ಟಿಯ ಹತ್ತಿರ ಬೆನ್ನು ತಿರುಗಿಸಿಕೊಂಡು ನಿಂತ.

ಇಷ್ಟೇ ಆಗಿದ್ದರೆ ಹೊಸದೇನಲ್ಲ, ನಯನಾ ಇಂಥದ್ದನ್ನು ಬೇರೆ ಮನೆಗಳಲ್ಲೂ ನೋಡಿದ್ದಳು. ಈ ಮನೆಯಲ್ಲಿ ತೊಡಕು ಬೇರೆ ಇತ್ತು. ಸುವರ್ಣಮ್ಮ ಅದನ್ನು ತಕ್ಷಣ ಹೇಳಲಿಲ್ಲ, ಎರಡು ಮೂರು ಭೇಟಿ ಆದ ಮೇಲೆ ಒಂದು ದಿನ ಕಾಫಿ ಕೊಡುತ್ತಾ ಹೇಳಿದರು. ಮರುಳಪ್ಪನವರು ದೀಕ್ಷೆಯಾದ ಹುಡುಗುತನದಿಂದ ಲಿಂಗಪೂಜೆ ಮಾಡದೆ ಬಾಯಿಗೆ ಒಂದು ತೊಟ್ಟು ನೀರು ಹಾಕಿದವರಲ್ಲ. ಸ್ನಾನ ಮಾಡಿ, ಕೊರಳಿನ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡಗೈಯ ಅಂಗೈಯಲ್ಲಿ ಇಟ್ಟುಕೊಂಡು, ಬಲಗೈಯಿಂದ ನೀರು, ವಿಭೂತಿ, ಪತ್ರೆ ಏರಿಸಿ, ಅದನ್ನೇ ದಿಟ್ಟಿಸಿ ಕೂತಿದ್ದು ಏಳುವರು. ಆಮೇಲೆಯೇ ಊಟ. ಆಸ್ಪತ್ರೆಯಲ್ಲಿ ಪೂರ್ತಿ ಎಚ್ಚರವಿರಲಿಲ್ಲ, ನಳಿಗೆಯಲ್ಲಿ ಹೋಗಿದ್ದು ಅವರಿಗೆ ಗೊತ್ತಿಲ್ಲ. ಮನೆಗೆ ಬಂದ ಹೊಸದರಲ್ಲೂ ಮಂಪರಿನಲ್ಲೇ ಕೊಟ್ಟದ್ದನ್ನು ತಿನ್ನುತ್ತಿದ್ದರು. ಈಗ ಬುದ್ಧಿ ತಿಳಿಯಾಗಿದೆ, ಪೂಜೆ ಕೇಳುತ್ತಾರೆ. ಅಂಗೈಯಲ್ಲಿ ಲಿಂಗ ಇಟ್ಟರೆ, ಯಾರದೋ ಕೈಯಲ್ಲಿ ಇಡುತ್ತಿದ್ದೀರಿ, ತೆಗೆಯಿರಿ ಎಂದು ಹೆದರುತ್ತಾರೆ. ಸುವರ್ಣಮ್ಮ ತಮ್ಮ ಅಂಗೈಯಲ್ಲಿ ಇಟ್ಟುಕೊಂಡು ಅವರ ಪರವಾಗಿ ಮಾಡುತ್ತಿದ್ದಾರೆ. ಅದನ್ನು ನೋಡಿ ನಾಲ್ಕು ಚಮಚ ಗಂಜಿ ಕುಡಿಯುತ್ತಾರೆ, ಆಮೇಲೆ ತುಟಿ ಮುಚ್ಚುತ್ತಾರೆ. ದಿನದಿಂದ ದಿನಕ್ಕೆ ಅದೂ ಇಳಿಯುತ್ತಿದೆ.

ಮಠದ ಅಯ್ನೋರನ್ನು ಕರೆಸಿ ಕೇಳಿದ್ದಾಯಿತಂತೆ. ಕಾಯಿಲೆಯಲ್ಲಿ ಮನಸ್ಸಿನಲ್ಲೇ ಮಾಡಿದರೂ ಸಲ್ಲುತ್ತದೆ, ಬೇಕಾದರೆ ಬಲಗೈಯಲ್ಲಿ ಇಟ್ಟುಕೊಳ್ಳಲಿ ಎಂದು ಅವರು ದೊಡ್ಡ ಮನಸ್ಸಿನಿಂದಲೇ ಹೇಳಿದರು. ಮರುಳಪ್ಪನವರು ಒಪ್ಪಲಿಲ್ಲ. ಬಲಗೈ ಪೂಜೆ ಮಾಡುವ ಕೈ, ದೇವರು ಕೂರುವ ಪೀಠ ಎಡಗೈ, ಪೂಜೆ ಮಾಡುವವನೇ ಪೀಠವಾದರೆ ಮಾಡುವವರು ಯಾರು ಎಂದು ತೊದಲುತ್ತಾ ಕೇಳಿದರಂತೆ. ಅಯ್ನೋರು ಅವರ ತಲೆ ಮುಟ್ಟಿ ಹೋದರಂತೆ.

"ಡಾಕ್ಟ್ರು ಅಂತವ್ರೆ, ಉಣ್ಣದೇ ಹೋದ್ರೆ ಮತ್ತೆ ನಳಿಗೆ ಹಾಕ್ಬೇಕಾಯ್ತದೆ ಅಂತ," ಎಂದರು ಸುವರ್ಣಮ್ಮ. "ಆ ಕೈ ಕಟ್ಟಾಕದು ಇನ್ನೊಂದ್ಸಲ ನೋಡಲಾರೆ ಕಣವ್ವ ನಾನು. ನಿಂಗೇನಾರ ದಾರಿ ಗೊತ್ತಾ?"

ಗೊತ್ತಿಲ್ಲ ಎಂದು ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಯನಾ ನೋಡೋಣ ಅಮ್ಮಾ ಎಂದಳು.

ಹಳೇಬೀಡಿನ ಕಡೆ ಬಸ್ಸಿನಲ್ಲಿ ಕೂತವಳಿಗೆ ಅದೇ ಯೋಚನೆ. ಮರೆತ ಕೈಯನ್ನು ಮನಸ್ಸಿಗೆ ಮತ್ತೆ ತರಲು ಅವಳಿಗೆ ಕಲಿಸಿದ ದಾರಿ ಒಂದಿತ್ತು. ಚೆನ್ನಾಗಿರುವ ಕೈಯಿಂದ ಆ ಕೈಯನ್ನು ಮುಟ್ಟಿಸಬೇಕು, ಉಜ್ಜಿಸಬೇಕು, ಅದರ ಕಡೆ ಕತ್ತು ತಿರುಗಿಸಿ ನೋಡಿಸಬೇಕು, ದಿನಾ ಬಳಸುತ್ತಿದ್ದ ಕೆಲಸದಲ್ಲೇ ಅದನ್ನು ತೊಡಗಿಸಬೇಕು. ಮರುಳಪ್ಪನವರ ಎಡಗೈ ಜನ್ಮವಿಡೀ ಮಾಡಿದ ಕೆಲಸ ಯಾವುದು? ಹಾಗಾದರೆ ಪೂಜೆಯೇ ವ್ಯಾಯಾಮ. ಯೋಚನೆ ಹೊಳೆದ ಕ್ಷಣ ಅವಳಿಗೆ ಸಂತೋಷವಾಯಿತು, ಮರುಕ್ಷಣ ಭಯವಾಯಿತು. ತಾನು ಆ ಜಾತಿಯವಳಲ್ಲ, ಆ ಪೂಜೆಯ ಗಂಧ ಗಾಳಿ ತನಗಿಲ್ಲ. ಆಸ್ಪತ್ರೆಯ ಮೇಲ್ವಿಚಾರಕಿ ಸಿಂಧು ಮೇಡಂಗೆ ಫೋನ್ ಮಾಡಿದಳು. ಅವರು ಕೆಟ್ಟ ಯೋಚನೆ ಏನಲ್ಲ ಎಂದರು. ಮನೆಯವರು ಒಪ್ಪಿದರೆ ಮಾಡು, ನಿನ್ನ ಕೈ ಅವರ ಕೈಕೆಳಗೆ ಯಾವಾಗಲೂ ಇರಲಿ ಎಂದೂ ಹೇಳಿದರು.

ಮುಂದಿನ ಸಲ ಹೋದಾಗ ನಯನಾ ಸುವರ್ಣಮ್ಮನನ್ನು ಕೇಳಿದಳು. ಲಿಂಗವನ್ನು ನಾನು ಮುಟ್ಟುವುದಿಲ್ಲ, ಅಪ್ಪಾಜಿಯ ಕೈಯನ್ನು ಮಾತ್ರ ಕೆಳಗಿನಿಂದ ಬಟ್ಟೆ ಹಾಕಿ ಹಿಡಿದಿರುತ್ತೇನೆ ಎಂದಳು. ಸುವರ್ಣಮ್ಮ ಒಲೆಯ ಮೇಲಿನ ಗಂಜಿ ಇಳಿಸಿಟ್ಟು ಅವಳ ಕಡೆ ತಿರುಗಿದರು.

"ಆಸ್ಪತ್ರೇಲಿ ಎಲ್ಲಾರೂ ಮುಟ್ಟವ್ರೆ ಅವ್ರನ್ನ. ನೀನು ಮಿಂದು ಬಾ, ಅಷ್ಟೇ."

ಅಷ್ಟೇ ಎಂದಿದ್ದರು. ಆದರೆ ನಯನಾ ಅದಕ್ಕೆ ತಾನೇ ಒಂದು ಸೇರಿಸಿಕೊಂಡಳು. ಪೂಜೆಯಾಗುವ ತನಕ ಅವರು ಉಣ್ಣುವುದಿಲ್ಲವಲ್ಲ, ತಾನೂ ಉಣ್ಣದೆ ಹೋಗುವುದು ಎಂದು. ಮೊದಲ ಬಸ್ಸಿಗೆ ಖಾಲಿ ಹೊಟ್ಟೆಯಲ್ಲಿ ಹೊರಟ ಮಗಳನ್ನು ನೋಡಿ ಅವಳ ಅಮ್ಮ ಗಿಡ್ಡಮ್ಮ, ಯಾವ ದೇವರಿಗೆ ಹರಕೆ ಹೊತ್ತಿದ್ದೀಯೆ ಎಂದು ಕೇಳಿದರು. ಬಂದು ಉಣ್ಣುತ್ತೇನೆ ಎಂದು ನಯನಾ ಬಸ್ಸಿಗೆ ಓಡಿದಳು.

ಮೊದಲು ಲಿಂಗ ಇಡಲಿಲ್ಲ. ಬಿಸಿನೀರಿನಲ್ಲಿ ಎಡಗೈ ತೊಳೆದು, ಒರಟು ಟವಲಿನಿಂದ ಮರುಳಪ್ಪನವರ ಬಲಗೈಯಲ್ಲೇ ಉಜ್ಜಿಸಿ, ಅವರೇ ಆ ಮಣಿಕಟ್ಟಿಗೆ ವಿಭೂತಿ ಎಳೆಯುವ ಹಾಗೆ ಮಾಡಿದಳು. ಅಂಗೈಯಲ್ಲಿ ಒಂದು ನಿಂಬೆಹಣ್ಣು ಇಟ್ಟು ತೂಗಿಸಿದಳು.

"ನಿಂಬೆಹಣ್ಣು ಹಿಡ್ಕೊಂಡ್ ಬಂದೌಳೆ. ಮಾಟ ಗೀಟ ಮಾಡ್ಸೋಳೇನವ್ವ ನೀನು?"

"ಹೂಂ ಅಪ್ಪಾಜಿ. ನಿಮ್ಮ ಕೈ ಕದ್ದವನಿಗೆ."

ಅವರ ಬಾಯಿ ಒಂದೇ ಕಡೆಗೆ ನಕ್ಕಿತು. ಸುವರ್ಣಮ್ಮ ಆ ನಗು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ವಾರಗಳು ಕಳೆದವು. ಒಂದು ಬೆಳಿಗ್ಗೆ ಕೈ ಉಜ್ಜುತ್ತಿದ್ದವರು ಹೆಬ್ಬೆರಳಿನ ಬುಡದಲ್ಲಿ ನಿಲ್ಲಿಸಿದರು. ಅಲ್ಲೊಂದು ಹಳೆಯ ಗಾಯದ ಗೆರೆ ಇತ್ತು. ಅದರ ಮೇಲೆ ಬೆರಳಾಡಿಸಿದರು, ಮತ್ತೆ ಆಡಿಸಿದರು. ಕಾಯಿ ಸುಲಿಯುವುದು ಕಲಿಯುವಾಗ ಚುಚ್ಚಿಕೊಂಡದ್ದು, ನಮ್ಮಪ್ಪ ಇದಕ್ಕೆ ಅರಿಶಿನ ತುಂಬಿ ಬೈದಿದ್ದ ಎಂದರು. ಆಮೇಲೆ ಯಾರಿಗೂ ಅಲ್ಲದೆ ತಮಗೇ ಹೇಳಿಕೊಳ್ಳುವವರ ಹಾಗೆ, "ಹಂಗಾದ್ರೆ ಇದು ನಂದೇ ಇರ್ಬೇಕು," ಎಂದರು.

ಅವತ್ತು ಬಟ್ಟಲು ತುಂಬಾ ಗಂಜಿ ಕುಡಿದರು. ಚನ್ನೇಶ್ ಎಳನೀರಿನ ಗೊನೆಯನ್ನೇ ಇಳಿಸಿ, ಬೇಡವೆಂದರೂ ಕೇಳದೆ ಹಿಡಿಸಿದಷ್ಟನ್ನು ನಯನಾಳ ಬ್ಯಾಗಿಗೆ ತುರುಕಿದ. ಬಸ್ಸಿನಲ್ಲಿ ಆ ಭಾರವನ್ನು ತೊಡೆಯ ಮೇಲೆ ಇಟ್ಟುಕೊಂಡು ಅವಳು ಹಗರೆಯವರೆಗೂ ಕಿಟಕಿಯ ಆಚೆ ನೋಡುತ್ತಾ ಕೂತಳು. ಹೇಳಿದೆನೋ ಇಲ್ಲವೋ ಎಂಬ ಅನುಮಾನ ಅವತ್ತು ಬರಲಿಲ್ಲ.

ಆಮೇಲೆ ಲಿಂಗವನ್ನೇ ಇಟ್ಟರು. ಸುವರ್ಣಮ್ಮ ಕರಡಿಗೆ ಬಿಚ್ಚಿ ಅಂಗೈ ಮೇಲೆ ಇಡುವರು, ಕೆಳಗೆ ನಯನಾಳ ಕೈ, ಮಧ್ಯೆ ಮಡಿಬಟ್ಟೆ. ಮರುಳಪ್ಪನವರ ಬಲಗೈ ಪತ್ರೆ ಏರಿಸುವುದು. ಕತ್ತು ಎಡಕ್ಕೆ ತಿರುಗಿ ನಿಲ್ಲುವುದು. ಯಾರು ಎಷ್ಟು ಹೇಳಿದರೂ ತಿರುಗದಿದ್ದ ಕತ್ತು ಅದು. ನಯನಾ ಬಾರದ ದಿನ ಚನ್ನೇಶನೇ ಕೆಳಗೆ ಕೈ ಕೊಡುತ್ತಿದ್ದ. ಗಂಜಿಯಿಂದ ಮೆತ್ತನೆ ಅನ್ನಕ್ಕೆ ಬಂದರು. ಕೆನ್ನೆ ತುಂಬಿಕೊಂಡಿತು. ಆಸ್ಪತ್ರೆಯಲ್ಲಿ ಸಿಂಧು ಮೇಡಂ ಈ ವಿಚಾರವನ್ನು ಉಳಿದ ನರ್ಸ್‌ಗಳಿಗೆ ಹೇಳಿದರು. ಅದು ನಯನಾಳ ಕಿವಿಗೂ ಬಿತ್ತು.

ಶ್ರಾವಣದ ಒಂದು ಸೋಮವಾರ ಮನೆಯಲ್ಲಿ ನೆಂಟರಿದ್ದರು. ಮರುಳಪ್ಪನವರ ಅಕ್ಕ ಬಾಣಾವರದಿಂದ ಬಂದಿದ್ದರು. ಬೇರೆಯವರ ಮನೆಯ ಹುಡುಗಿ ಪೂಜೆಯ ಹೊತ್ತಿನಲ್ಲಿ ಮಂಚದ ಪಕ್ಕದಲ್ಲಿ ಏಕೆ ಕೂತಿದ್ದಾಳೆ ಎಂದು ಅವರು ಬಾಯಿಬಿಟ್ಟು ಕೇಳಲಿಲ್ಲ, ಮುಖ ಮಾತ್ರ ಕೇಳುತ್ತಿತ್ತು. ಪೂಜೆ ಎಂದಿನಂತೆ ಶುರುವಾಯಿತು. ನೀರು ಏರಿಸಿದರು, ವಿಭೂತಿ ಏರಿಸಿದರು. ಮರುಳಪ್ಪನವರು ದಿಟ್ಟಿ ನೆಟ್ಟು ಕೂತರು.

ಆಗ ನಯನಾಗೆ ತನ್ನ ಅಂಗೈಯ ಮೇಲೆ ಏನೋ ಆಯಿತು ಅನ್ನಿಸಿತು. ಮರುಳಪ್ಪನವರ ಬೆರಳುಗಳು ಮೆಲ್ಲಗೆ ಒಳಕ್ಕೆ ಬಾಗಿ ಲಿಂಗವನ್ನು ಸುತ್ತಿದ ಹಾಗೆ. ಸೆಟೆತದಿಂದಲೂ ಬೆರಳು ಹಾಗೆ ಬಾಗುವುದುಂಟು, ಅವಳಿಗೆ ಗೊತ್ತು. ಆದರೆ ಸೆಟೆತ ಗಟ್ಟಿಯಾಗಿ ಎಳೆಯುತ್ತದೆ, ಇದು ಹಾಗಿರಲಿಲ್ಲ. ಇದು ಮೆತ್ತಗೆ, ಬೇಕೆಂದು ಹಿಡಿದ ಹಾಗಿತ್ತು. ಬೆರಳಿಗೆ ಬಲ ಬಂದಿದೆಯೋ ಇಲ್ಲವೋ ಗೊತ್ತಾಗಬೇಕಾದರೆ ಕೆಳಗಿನ ಆಸರೆ ತೆಗೆದು ನೋಡಬೇಕು, ಅದೂ ಅವಳಿಗೆ ಕಲಿಸಿದ್ದೇ. ಆ ಅಕ್ಕನ ಮುಖವೂ ಕಣ್ಣೆದುರಿಗೇ ಇತ್ತು. ಇವರು ತಾವೇ ಹಿಡಿದಿದ್ದಾರೆ ನೋಡಿ ಎಂದು ತೋರಿಸುವ ಆಸೆ ಒಂದು ಗಳಿಗೆ ಅವಳಲ್ಲಿ ಬಂದಿರಲೂಬಹುದು. ನಯನಾ ತನ್ನ ಕೈಯನ್ನು ಒಂದು ಬೆರಳಿನಷ್ಟು ಕೆಳಕ್ಕೆ ಇಳಿಸಿದಳು.

ಕೈ ನಿಂತಿತು. ಅಷ್ಟನ್ನು ಅವಳು ಕಂಡಳು. ಆಮೇಲೆ ಅದು ಒಣಗಿದ ಎಲೆ ಮಗುಚಿಕೊಳ್ಳುವ ಹಾಗೆ ಮಗುಚಿತು. ಲಿಂಗ ಹಿತ್ತಾಳೆ ತಟ್ಟೆಯ ಅಂಚಿಗೆ ಬಡಿದು, ಕೆಂಪು ನೆಲದ ಮೇಲೆ ಬಿದ್ದು, ಮಂಚದ ಕೆಳಕ್ಕೆ ಉರುಳಿತು.

ಸುವರ್ಣಮ್ಮ ನೆಲಕ್ಕೆ ಬಾಗಿ, ಮಂಚದ ಕೆಳಗೆ ತೆವಳಿ, ಸೆರಗಿನಲ್ಲಿ ಅದನ್ನು ಎತ್ತಿಕೊಂಡು ಬಂದರು. ಲಿಂಗದ ಮೇಲಿನ ಕಂತಿಯ ಕಪ್ಪು ಲೇಪ ಒಂದು ಕಡೆ ಸಿಡಿದು ಒಳಗಿನ ಕಲ್ಲು ಕಾಣುತ್ತಿತ್ತು. ಅವರು ಅದನ್ನು ಗಂಡನಿಗೆ ಕಾಣದ ಹಾಗೆ ಮುಚ್ಚಿಕೊಂಡರು. ಆದರೆ ಮರುಳಪ್ಪನವರು ನೋಡಿಯಾಗಿತ್ತು. ಅವರು ತಮ್ಮ ತೊಡೆಯ ಮೇಲೆ ಬಿದ್ದಿದ್ದ ಎಡಗೈಯನ್ನು ನೋಡುತ್ತಿದ್ದರು.

"ಹೇಳಿದ್ನಲ್ಲ," ಎಂದರು. "ನಂದಲ್ಲ ಅಂತ."

ಚನ್ನೇಶ್ ನಯನಾಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಒಂದೇ ಮಾತು ಕೇಳಿದ. ಯಾಕೆ ಕೈ ತೆಗೆದಿರಿ ಸಿಸ್ಟರ್ ಎಂದು. ಬೆರಳು ಆಡಿತು ಅನ್ನಿಸಿತು ಎಂದಳು. ಅವನು ತಲೆಯಾಡಿಸಿದ. ಒಳಗಿನಿಂದ ಬಾಣಾವರದ ಅತ್ತೆಯ ಮಾತು ಕೇಳುತ್ತಿತ್ತು. ಕಂಡಕಂಡವರ ಕೈಗೆ ಲಿಂಗ ಕೊಟ್ಟರೆ ಇನ್ನೇನಾಗುತ್ತದೆ, ಹಿಂದಿನವರಾಗಿದ್ದರೆ ಲಿಂಗ ಬಿದ್ದ ಮೇಲೆ ಉಸಿರಿಟ್ಟುಕೊಳ್ಳುತ್ತಿರಲಿಲ್ಲ ಎಂದು. ಅದಕ್ಕೆ ಸುವರ್ಣಮ್ಮ, "ಕೊಟ್ಟೋಳು ನಾನು. ನನ್ನ ಕೇಳಿ ಅತ್ತಿಗೆ, ಆ ಮಗೀನ್ಯಾಕಂತೀರಿ," ಎಂದರು. ಆದರೆ ಹಿಂದಿನವರ ಆ ಮಾತನ್ನು ಮಂಚದ ಮೇಲಿದ್ದವರೂ ಕೇಳಿಸಿಕೊಂಡಿರಬೇಕು.

ಅಯ್ನೋರು ಮಾರನೆಯ ದಿನವೇ ಬಂದರು. ಇದು ಶರೀರದ ಕಾಯಿಲೆ, ಅಪಚಾರವಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಸಮಾಧಾನ ಹೇಳಿದರು. ಮಠದಿಂದ ಹೊಸ ಲಿಂಗ ತರಿಸಿ, ಮಾಡಬೇಕಾದ್ದನ್ನೆಲ್ಲ ಮಾಡಿ ಕೊರಳಿಗೆ ಕಟ್ಟಿದರು. ಮರುಳಪ್ಪನವರು ಕಟ್ಟಿಸಿಕೊಂಡರು. ಕೈ ಮುಗಿಯಲು ಎರಡನೆಯ ಕೈ ಇಲ್ಲದ್ದಕ್ಕೆ ಬಲಗೈಯನ್ನು ಎದೆಗೆ ಇಟ್ಟುಕೊಂಡರು. ಆದರೆ ಅವತ್ತಿನಿಂದ ಅವರು ಪೂಜೆ ಕೇಳಲಿಲ್ಲ. ಊಟವನ್ನೂ ಕೇಳಲಿಲ್ಲ. ಚಮಚ ಹತ್ತಿರ ಬಂದರೆ ತುಟಿ ಮುಚ್ಚುವರು. ಹೇಗೋ ಒಳಗೆ ಹೋದರೆ ಅರ್ಧ ಗಲ್ಲದ ಮೇಲೆ ಹರಿಯುವುದು, ಅರ್ಧಕ್ಕೆ ಕೆಮ್ಮು ಬರುವುದು.

ನಯನಾ ಬರುವುದನ್ನು ಬಿಡಲಿಲ್ಲ. ಬೇರೆಯವರನ್ನು ಕಳಿಸಲಾ ಎಂದು ಸಿಂಧು ಮೇಡಂ ಕೇಳಿದಾಗ ಬೇಡ ಎಂದಳು. ಬಾ ಎಂದು ಸುವರ್ಣಮ್ಮನೂ ಹೇಳಿದ್ದರು. ಅವಳು ಮರುಳಪ್ಪನವರನ್ನು ನೆಟ್ಟಗೆ ಕೂರಿಸಿ, ಗಂಟಲಿನ ಮೇಲೆ ಎರಡು ಬೆರಳಿಟ್ಟು, ಒಂದು ಚಮಚ ನೀರು ಕೊಟ್ಟು ನೋಡಿದಳು. ನುಂಗುವಾಗ ಗಂಟಲಿನ ಗಂಟು ಮೇಲಕ್ಕೆ ಏರಬೇಕು. ಮೊದಲೆಲ್ಲ ಏರುತ್ತಿತ್ತು. ಈಗ ತಡೆದು ತಡೆದು ಏರಿತು, ಅಥವಾ ಅವರೇ ತಡೆದರು. ಡಾಕ್ಟರಿಗೆ ಫೋನ್ ಮಾಡಿದಳು. ಇನ್ನೊಂದು ಚಿಕ್ಕ ಹೊಡೆತ ಆಗಿರಬಹುದು, ಆಗಿಲ್ಲದೆಯೂ ಇರಬಹುದು, ಸ್ಕ್ಯಾನ್ ಮಾಡದೆ ಹೇಳಲಾಗದು, ಕರೆದುಕೊಂಡು ಬನ್ನಿ ಎಂದರು. ನಯನಾ ಮನೆಯವರನ್ನು ಗೋಗರೆದಳು. ಚನ್ನೇಶ್ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದ. ಎತ್ತಲು ಹೋದರೆ ಮರುಳಪ್ಪನವರು ಬಲಗೈಯಿಂದ ಮಂಚದ ಕಂಬಿ ಹಿಡಿದುಕೊಂಡರು. ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಗಿತ್ತು. ಚನ್ನೇಶ್ ಎರಡನ್ನು ಬಿಡಿಸಿದ. ಮೂರನೆಯದಕ್ಕೆ ಸುವರ್ಣಮ್ಮ ಮಗನ ಕೈ ಹಿಡಿದರು.

"ಬ್ಯಾಡ ಬುಡು," ಎಂದರು. "ಅಲ್ಲೋಗಿ ಕಟ್ಟಾಕ್ತಾರೆ."

ಕಾರು ಮತ್ತೆ ಕೊಟ್ಟಿಗೆಗೆ ಹೋಯಿತು.

ಅದಾದ ಮೇಲಿನ ಒಂದು ಬೆಳಿಗ್ಗೆ ಸುವರ್ಣಮ್ಮ ಹಿತ್ತಲಲ್ಲಿದ್ದಾಗ ಕೋಣೆಯಲ್ಲಿ ನಯನಾ ಒಬ್ಬಳೇ ಇದ್ದಳು. ಮರುಳಪ್ಪನವರು ತುಂಬ ಇಳಿದುಹೋಗಿದ್ದರು. ಕಣ್ಣು ಮಾತ್ರ ಎಚ್ಚರವಾಗಿತ್ತು. ಅವಳು ಮಂಚದ ಬಲಗಡೆಗೆ, ಅವರ ದೃಷ್ಟಿ ಇರುವ ಕಡೆಗೆ ಹೋಗಿ ಕೂತಳು. ಎಷ್ಟೋ ದಿನದಿಂದ ಬಾಯಿಗೆ ಬಂದು ನಿಂತಿದ್ದನ್ನು ಕೇಳಿಬಿಟ್ಟಳು.

"ಅಪ್ಪಾಜಿ, ನುಂಗಕ್ಕೆ ಆಗ್ತಿಲ್ವಾ, ಇಲ್ಲ ಬೇಡ ಅಂತ ಬಿಟ್ಟಿದ್ದೀರಾ? ಒಂದೇ ಒಂದು ಸಲ ಹೇಳಿ. ನಾನು ಯಾರಿಗೂ ಹೇಳಲ್ಲ."

ಅವರು ಅವಳನ್ನೇ ನೋಡಿದರು. ತುಟಿ ಆಡಿತು. ಅವಳು ಕಿವಿಯನ್ನು ಬಾಯಿಯ ಹತ್ತಿರಕ್ಕೆ ತಂದಳು.

"ನೀನು... ಉಂಡ್ ಬಂದ್ಯಾ?"

"ಇಲ್ಲ ಅಪ್ಪಾಜಿ."

"ಹೋಗವ್ವ. ಉಣ್ಣೋಗು."

ಅಷ್ಟೇ. ಆಮೇಲೆ ಅವರು ಕಣ್ಣು ಮುಚ್ಚಿಕೊಂಡರು. ಸುವರ್ಣಮ್ಮ ಒಳಗೆ ಬಂದಾಗ ನಯನಾ ಅವರ ಹಿಮ್ಮಡಿಗೆ ಎಣ್ಣೆ ಹಚ್ಚುತ್ತಿದ್ದಳು.

ಮರುಳಪ್ಪನವರು ಲಿಂಗೈಕ್ಯರಾದ ದಿನ ನಯನಾ ಬೇಲೂರಿನ ಇನ್ನೊಬ್ಬ ರೋಗಿಯ ಮನೆಗೆ ಹೊರಟಿದ್ದಳು. ಬೆಳಿಗ್ಗೆಯೇ ಸುದ್ದಿ ಬಂದಿತ್ತು. ಜಾವಗಲ್ಲಿಗೆ ಹೋಗಬೇಕೋ ಬೇಡವೋ ಎಂದು ತೀರ್ಮಾನ ಮಾಡಲಾರದೆ ಹಗರೆಯಲ್ಲಿ ಎರಡು ಬಸ್ಸು ಬಿಟ್ಟಳು. ಅಲ್ಲಿ ಅವರ ಅಕ್ಕ ಇರುತ್ತಾರೆ, ನೆಂಟರೆಲ್ಲ ಇರುತ್ತಾರೆ, ತನ್ನ ಮುಖ ಕಂಡು ಸುವರ್ಣಮ್ಮನಿಗೆ ಇನ್ನಷ್ಟು ನೋವಾಗಬಹುದು. ಹಾಗೆಂದುಕೊಂಡು ಬೇಲೂರಿನ ಬಸ್ಸು ಹತ್ತಿದಳು. ಬಸ್ಸು ತುಂಬಿತ್ತು, ಕಂಬಿ ಹಿಡಿದು ನಿಂತಿದ್ದಳು. ಆಗ ಚನ್ನೇಶನ ಫೋನ್ ಬಂತು.

ಅವನ ದನಿ ಸಣ್ಣಗಿತ್ತು. ಅಪ್ಪನನ್ನು ಕೂರಿಸಿದ್ದೇವೆ, ಸ್ನಾನ ಆಗಿದೆ, ವಿಭೂತಿ ಹಚ್ಚಿದ್ದಾಗಿದೆ ಎಂದ. ಅವರಲ್ಲಿ ಹೋದವರನ್ನು ಕೂರಿಸಿಯೇ ಮಣ್ಣು ಮಾಡುತ್ತಾರೆ, ಎಡಗೈಯ ಅಂಗೈಯಲ್ಲಿ ಲಿಂಗ ಇಡುತ್ತಾರೆ. ಎಡಗೈ ಮುಷ್ಟಿ ಬಿಗಿದುಕೊಂಡಿದೆ, ಬಿಡಿಸಿದರೆ ಮುರಿಯುತ್ತದೇನೋ ಅನ್ನುವಷ್ಟು ಬಿಗಿ. ಅಯ್ನೋರು ಕಾಯುತ್ತಿದ್ದಾರೆ.

"ನಿಮಗೆ ಗೊತ್ತಲ್ಲ ಸಿಸ್ಟರ್ ಆ ಕೈ. ಹೆಂಗೆ ಬಿಡಿಸೋದು?"

ಕಂಡಕ್ಟರ್ ಟಿಕೆಟ್ ಟಿಕೆಟ್ ಎಂದು ಅವಳ ಹಿಂದೆಯೇ ಬರುತ್ತಿದ್ದ. ನಯನಾ ಕಂಬಿಗೆ ಹಣೆ ಆನಿಸಿಕೊಂಡಳು.

"ಬೆರಳು ಎಳೀಬೇಡಿ ಅಣ್ಣಾ. ಮೊದಲು ಮಣಿಕಟ್ಟನ್ನ ಒಳಗಡೆಗೆ ಬಗ್ಗಿಸಿ, ಮೆಲ್ಲಗೆ. ಹಾಗೇ ಹಿಡಿದಿರಿ. ಆಮೇಲೆ ಹೆಬ್ಬೆರಳನ್ನ ಬುಡದಿಂದ ಹೊರಗಡೆಗೆ ತನ್ನಿ. ಉಳಿದಿದ್ದು ತಾವೇ ಬರ್ತವೆ. ಬರದಿದ್ರೆ ಬಿಸಿನೀರಿನ ಬಟ್ಟೆ ಸುತ್ತಿ ಸ್ವಲ್ಪ ಕಾಯಿರಿ."

ಆ ಕಡೆ ಫೋನನ್ನು ಎಲ್ಲೋ ಇಟ್ಟ ಸದ್ದು. ಜನರ ಮಾತು. ಯಾರೋ ಹೆಂಗಸು ಅಳುತ್ತಿದ್ದರು, ಅದು ಸುವರ್ಣಮ್ಮನೋ ಅಲ್ಲವೋ ತಿಳಿಯಲಿಲ್ಲ. ಬಹಳ ಹೊತ್ತಾದ ಮೇಲೆ ಚನ್ನೇಶ್ ಮತ್ತೆ ಬಂದ.

"ಬಿಡ್ತು," ಎಂದ. "ಆಯ್ತು ಸಿಸ್ಟರ್." ಫೋನ್ ಇಟ್ಟ.

ನಯನಾ ಟಿಕೆಟ್ ತೆಗೆದುಕೊಂಡು, ಬೇಲೂರಿನಲ್ಲಿ ಇಳಿದು, ಆ ಮನೆಗೆ ಹೋಗಿ ರೋಗಿಯ ಮಗ್ಗುಲು ಬದಲಿಸಿದಳು. ಮಲಗಿಸಿಕೊಂಡು ನೀರು ಕುಡಿಸಬೇಡಿ ಎಂದು ಮನೆಯವರಿಗೆ ಹೇಳಿದಳು. ಬಸ್ ಸ್ಟಾಪಿಗೆ ಬಂದು, ಹೇಳಿದೆನಾ ಎಂದು ಫೋನ್ ಮಾಡಿ ಕೇಳಿದಳು.

ಈ ಕೆಲಸವನ್ನು ಅವಳು ಬಿಟ್ಟಿಲ್ಲ. ಸುವರ್ಣಮ್ಮ ಅವಳನ್ನು ಒಮ್ಮೆ ಮನೆಗೆ ಕರೆದು ಊಟ ಹಾಕಿದರು. ಜಾವಗಲ್ಲಿನಲ್ಲಿ ಕೆಲವರು ಆ ಹುಡುಗಿಯಿಂದಲೇ ಹೀಗಾಯಿತು ಅನ್ನುತ್ತಾರೆ, ಕೆಲವರು ಅವಳಿಂದಲೇ ಅಷ್ಟು ದಿನ ಇದ್ದರು ಅನ್ನುತ್ತಾರೆ. ಎರಡನ್ನೂ ಹೇಳುವವರು ತಮಗೆ ಖಚಿತವಾಗಿ ಗೊತ್ತಿದೆ ಅನ್ನುವ ಹಾಗೆ ಹೇಳುತ್ತಾರೆ. ಆ ಸೋಮವಾರ ಬೆರಳುಗಳು ಬೇಕೆಂದೇ ಬಾಗಿದವೋ, ಸೆಟೆತಕ್ಕೆ ಬಾಗಿದವೋ ಗೊತ್ತಿಲ್ಲ. ಮರುಳಪ್ಪನವರು ಕೊನೆಗೆ ನುಂಗಲಾರದೆ ಹೋದರೋ, ನುಂಗಬಾರದೆಂದು ಹೋದರೋ, ಅದೂ ಗೊತ್ತಿಲ್ಲ. ಸ್ಕ್ಯಾನ್ ಆಗಲಿಲ್ಲ, ಅವರು ಹೇಳಲೂ ಇಲ್ಲ.